ಅಂಗಸಾಧನೆ ಪ್ರಶ್ನೋತ್ತರ: ನಡುವೆ ನಿಲ್ಲೋಕೆ ಬಿಡ್ತಾರಾ, ಮೊದಲು ಅದನ್ನ ನೋಡಿ

ಪ್ರಶ್ನೆ: ನನಗೆ 46 ವರ್ಷ, ಪ್ರೌಢಶಾಲೆ ಶಿಕ್ಷಕಿ. ತೂಕ 69 ಕೆ.ಜಿ. ಬಿಪಿಗೆ ಮಾತ್ರೆ ತಗೊಳ್ಳುತ್ತೇನೆ, ಸದ್ಯ ಹತೋಟಿಯಲ್ಲಿದೆ. ವಾರಕ್ಕೆ ಮೂರು ದಿನ ಕುಂದುವಾಡ ಕೆರೆ ಏರಿ ಮೇಲೆ ನಲವತ್ತು ನಿಮಿಷ ನಡೆಯುತ್ತೇನೆ. ಈಗ ಶಾಮನೂರು ರಸ್ತೆ ಕಡೆ ಬೆಳಿಗ್ಗೆ ಆರಕ್ಕೆ ‘ಹಿಟ್’ ಎಂಬ ಜೋರು ವ್ಯಾಯಾಮದ ಗುಂಪು ಕ್ಲಾಸ್ ಶುರುವಾಗಿದೆ. ಮುಕ್ಕಾಲು ಗಂಟೆ, ವಾರಕ್ಕೆ ಐದು ದಿನ. ‘ಒಂದು ಕ್ಲಾಸಿಗೆ ಸಾವಿರ ಕ್ಯಾಲರಿ’ ಎಂದು ಬೋರ್ಡ್ ಹಾಕಿದ್ದಾರೆ. ನಮ್ಮ ಸ್ಟಾಫ್‌ರೂಮಿನ ಮೂವರು ಆಗಲೇ ಸೇರಿದ್ದಾರೆ, ನನ್ನನ್ನೂ ಎಳೆಯುತ್ತಿದ್ದಾರೆ. ಮೂರು ತಿಂಗಳ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ, ಅದೂ ಈ ತಿಂಗಳ ಕೊನೆಯವರೆಗೆ ಮಾತ್ರ. ಮೆಟ್ಟಿಲು ಇಳಿಯುವಾಗ ಮೊಣಕಾಲು ಸ್ವಲ್ಪ ನೋಯುತ್ತದೆ. ಇನ್ನೊಂದು ಬರೆಯಲು ಸಂಕೋಚ: ಜೋರಾಗಿ ಕೆಮ್ಮಿದರೆ, ಜಿಗಿದರೆ ಎರಡು ಹನಿ ಮೂತ್ರ ಹೋಗುತ್ತದೆ. ಸೇರಲೋ, ಬೇಡವೋ?
— ಹೆಸರು ಬೇಡ, ನಿಜಲಿಂಗಪ್ಪ ಬಡಾವಣೆ, ದಾವಣಗೆರೆ

ಉತ್ತರ: ಈ ತಿಂಗಳು ಬೇಡ. ರಿಯಾಯಿತಿ ಹೋದರೆ ಹೋಗಲಿ, ಯುಗಾದಿಗೋ ದಸರೆಗೋ ಬೇರೆ ಹೆಸರಲ್ಲಿ ಮತ್ತೆ ಬರುತ್ತದೆ. ಎರಡು ತಿಂಗಳು ತಯಾರಿ ಮಾಡಿಕೊಳ್ಳಿ. ಆಮೇಲೆ ವಾರಕ್ಕೆ ಎರಡೇ ದಿನ ಎಂಬ ಕರಾರಿನ ಮೇಲೆ ಸೇರಬಹುದು, ಆ ಕೋಚ್ ಒಂದು ಪರೀಕ್ಷೆಯಲ್ಲಿ ಪಾಸಾದರೆ.

ಪರೀಕ್ಷೆ ಇಷ್ಟೇ. ಹಣ ಕಟ್ಟುವ ಮೊದಲು ಒಂದು ದಿನ ಟ್ರಯಲ್ ಕೇಳಿ. ಎಲ್ಲರ ಜತೆ ಹತ್ತು ನಿಮಿಷ ಮಾಡಿ, ನಿಮ್ಮ ಲಯಕ್ಕೆ ತಕ್ಕಂತೆ. ಆಮೇಲೆ ಬೇಕಂತಲೇ ನಿಂತುಬಿಡಿ. ಸುಮ್ಮನೆ ಗೋಡೆ ಪಕ್ಕಕ್ಕೆ ಬಂದು ನೀರು ಕುಡಿಯಿರಿ. ಕೋಚ್ ಹತ್ತಿರ ಬಂದು ‘ಏನಾಯ್ತು ಮೇಡಂ, ತಲೆ ಸುತ್ತುತ್ತಾ, ಕಾಲು ನೋವಾ?’ ಎಂದು ಕೇಳಿ ಬೇರೆ ಹಗುರ ವ್ಯಾಯಾಮ ತೋರಿಸಿದರೆ ಅಲ್ಲಿ ಮುಂದುವರಿಯಬಹುದು. ಮೈಕಿನಲ್ಲಿ ‘ಕಮಾನ್ ಮೇಡಂ, ಇನ್ನು ಹತ್ತೇ ಸೆಕೆಂಡ್, ನಿಲ್ಲಬಾರದು!’ ಎಂದು ಕೂಗಿ, ಉಳಿದವರು ಚಪ್ಪಾಳೆ ಹೊಡೆದರೆ ಚೀಲ ತಗೊಂಡು ಹೊರಡಿ. ಎಷ್ಟು ಒಳ್ಳೆಯ ಹುಡುಗನಾದರೂ ಸರಿ.

ನಾನು ವೈದ್ಯನಲ್ಲ, ಕಾಲೇಜು ಮೈದಾನದಲ್ಲಿ ಸೀಟಿ ಊದಿಕೊಂಡು ನೌಕರಿ ಮುಗಿಸಿದವನು. ಗುಂಪಿನ ಗುಣ ಅಲ್ಲಿ ಚೆನ್ನಾಗಿ ನೋಡಿದ್ದೇನೆ. ಒಬ್ಬರೇ ಇದ್ದರೆ ಚಾದರ ಹೊದ್ದು ಮಲಗುವವರನ್ನು ಐದೂವರೆಗೆ ಎಬ್ಬಿಸಿ ತರುವುದೂ ಗುಂಪೇ, ಮೊಣಕಾಲು ಬೇಡ ಎಂದು ಹೇಳುತ್ತಿರುವಾಗ ಪಕ್ಕದವರ ಮುಖ ನೋಡಿ ಇನ್ನಿಪ್ಪತ್ತು ಜಿಗಿಸುವುದೂ ಗುಂಪೇ. ನಿಮ್ಮ ಪ್ರಶ್ನೆಯಲ್ಲೂ ಅದು ಇಣುಕುತ್ತಿದೆ: ‘ಮೂವರು ಸೇರಿದ್ದಾರೆ.’ ಆ ಮೂವರ ಬಿಪಿ, ಮೊಣಕಾಲು, ವಯಸ್ಸು ನಿಮ್ಮದಲ್ಲವಲ್ಲ.

ಈ ಪದ್ಧತಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹಿಟ್ ಅಂದರೆ ಹೈ ಇಂಟೆನ್ಸಿಟಿ ಇಂಟರ್ವಲ್ ಟ್ರೈನಿಂಗ್: ಸ್ವಲ್ಪ ಹೊತ್ತು ಪೂರ್ತಿ ಜೋರು, ಸ್ವಲ್ಪ ಹೊತ್ತು ವಿಶ್ರಾಂತಿ, ಮತ್ತೆ ಜೋರು. ಕ್ಲಾಸಿನಲ್ಲಿ ‘ತಬಾಟಾ’ ಎಂಬ ಹೆಸರು ಕೇಳಿರುತ್ತೀರಿ. ಅದು ಜಪಾನಿನ ಇಜುಮಿ ತಬಾಟಾ ಎಂಬ ವಿಜ್ಞಾನಿಯದು. 1996ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 20 ಸೆಕೆಂಡ್ ಜೋರು, 10 ಸೆಕೆಂಡ್ ವಿಶ್ರಾಂತಿ, ಹೀಗೆ ಏಳೆಂಟು ಸುತ್ತು. ಎಲ್ಲ ಸೇರಿ ನಾಲ್ಕು ನಿಮಿಷ. ಆರು ವಾರದಲ್ಲಿ ಉಸಿರಿನ ತಾಕತ್ತು ಚೆನ್ನಾಗಿಯೇ ಏರಿತು. ಆದರೆ ಮಾಡಿದವರು ಯಾರು? ದೈಹಿಕ ಶಿಕ್ಷಣ ಓದುತ್ತಿದ್ದ ಹುಡುಗರು. ಮಾಡಿದ್ದು ಎಲ್ಲಿ? ನಿಂತಲ್ಲೇ ತುಳಿಯುವ ಸೈಕಲ್ ಮೇಲೆ. ಸೈಕಲ್ ಮೇಲೆ ಸುಸ್ತಾದರೆ ಕಾಲು ನಿಲ್ಲುತ್ತದೆ, ಅಷ್ಟೇ. ಜಿಗಿಯುವಾಗ ಸುಸ್ತಾದರೆ ಮೊಣಕಾಲು ಒಳಕ್ಕೆ ವಾಲಿಕೊಂಡೇ ನೆಲಕ್ಕೆ ಬೀಳುತ್ತದೆ.

ಹಾಗಾಗಿ ‘ಮುಕ್ಕಾಲು ಗಂಟೆ ಫುಲ್ ಪವರ್’ ಎಂದರೆ ನನಗೆ ಅನುಮಾನ. ನಿಜಕ್ಕೂ ಜೋರಾಗಿ ಮಾಡಿದ್ದರೆ ಮುಕ್ಕಾಲು ಗಂಟೆ ಎಳೆಯಲು ಆಗುವುದಿಲ್ಲ. ಒಳ್ಳೆಯ ಕ್ಲಾಸಿನಲ್ಲಿ ಹತ್ತು ನಿಮಿಷ ಮೈ ಬಿಸಿ ಮಾಡುವುದು, ಕೊನೆಗೆ ಹತ್ತು ನಿಮಿಷ ಮೈ ತಣಿಸುವುದು, ನಡುವೆ ವಿಶ್ರಾಂತಿ ಇರುತ್ತದೆ. ನಿಜವಾದ ಜೋರು ಹತ್ತು ಹದಿನೈದು ನಿಮಿಷ ದಾಟದು. ಟ್ರಯಲ್ ದಿನ ಗಡಿಯಾರ ನೋಡಿ.

ಈಚೆಗೆ ಎಂ.ಸಿ.ಸಿ. ಬಿ ಬ್ಲಾಕ್ ಕಡೆಯ ಒಂದು ಹಾಲ್‌ನಲ್ಲಿ ಮೂಲೆಯಲ್ಲಿ ಕೂತು ಇಂಥದ್ದೊಂದು ಕ್ಲಾಸ್ ನೋಡಿದೆ. ಮೂವತ್ತಕ್ಕೂ ಹೆಚ್ಚು ಜನ, ಒಬ್ಬನೇ ಕೋಚ್, ತಗಡಿನ ಸೂರು, ಬೆವರು ಬಿದ್ದು ಜಾರುವ ಟೈಲ್ಸ್. ನಮ್ಮೂರ ಗರಡಿಗಳಲ್ಲಿ ದಂಡ, ಬಸ್ಕಿ ಹೊಡೆದವರಿಗೆ ಇವರ ಸ್ಕ್ವಾಟ್, ಪುಷ್‌ಅಪ್ ಹೊಸದೇನಲ್ಲ. ಆದರೆ ಗರಡಿಯಲ್ಲಿ ಕಾಲ ಕೆಳಗೆ ಹದವಾದ ಕೆಮ್ಮಣ್ಣು ಇರುತ್ತಿತ್ತು, ಹೊಸಬನಿಗೆ ಇಂದಿಗೆ ಇಷ್ಟೇ ಸಾಕು ಎಂದು ಗದರಿಸುವ ಉಸ್ತಾದರೂ ಇರುತ್ತಿದ್ದರು. ನೀವು ಸೇರುವ ಕಡೆ ನೆಲಕ್ಕೆ ರಬ್ಬರ್ ಹಾಸು ಇದೆಯಾ, ಒಬ್ಬ ಕೋಚ್‌ಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಜನ ಇದ್ದಾರಾ, ಸೇರಿಸಿಕೊಳ್ಳುವಾಗ ಕಾಯಿಲೆ, ಮಾತ್ರೆ ಬಗ್ಗೆ ಕೇಳುತ್ತಾರಾ ನೋಡಿ. ಬರೀ ಆಧಾರ್ ಮತ್ತು ಹಣ ಕೇಳಿದರೆ ಅದೇ ನಿಮ್ಮ ಉತ್ತರ.

ಈಗ ಬಿಪಿ. ವೈದ್ಯರ ಬಳಿ ‘ವ್ಯಾಯಾಮ ಮಾಡಬಹುದಾ?’ ಎಂದು ಕೇಳಬೇಡಿ, ಮಾಡಿ ಎಂದೇ ಹೇಳುತ್ತಾರೆ. ‘ಜೋರಾಗಿ ಏದುಸಿರು ಬರುವಂಥ ವ್ಯಾಯಾಮ ಮಾಡಬೇಕೆಂದಿದ್ದೇನೆ, ನನ್ನ ಮಾತ್ರೆ ನಾಡಿಬಡಿತ ಇಳಿಸುವ ಜಾತಿಯದ್ದಾ? ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕಾ?’ ಎಂದು ಕೇಳಿ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ ಮಾತ್ರೆಗಳು ನಾಡಿಯನ್ನು ತಡೆಹಿಡಿಯುತ್ತವೆ. ಗೋಡೆ ಮೇಲೆ ‘220ರಿಂದ ನಿಮ್ಮ ವಯಸ್ಸು ಕಳೆಯಿರಿ’ ಎಂದು ಬರೆದಿರುತ್ತಾರಲ್ಲ, ಆ ಲೆಕ್ಕದಲ್ಲಿ ನಿಮ್ಮ ಗರಿಷ್ಠ ನಾಡಿಬಡಿತ ನಿಮಿಷಕ್ಕೆ 174 ಎಂದು ಬರುತ್ತದೆ. ಬೀಟಾ ಬ್ಲಾಕರ್ ನುಂಗುವವರು ಆ ಸಂಖ್ಯೆ ಹಿಡಿಯಲು ಹೋದರೆ ಕುಸಿದು ಕೂರುವುದೇ ಸರಿ. ಮಾತಿನ ಅಳತೆ ಸಾಕು: ಮಾತಾಡಬಹುದು ಆದರೆ ಹಾಡಲಾಗದು ಅಂದರೆ ಮಧ್ಯಮ, ಎರಡು ಮೂರು ಪದಕ್ಕೊಮ್ಮೆ ಉಸಿರು ಬೇಕು ಅಂದರೆ ಜೋರು. ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೆಟ್ಟಗೆ ನಿಲ್ಲಿಸುವುದು) ಹಿಡಿದಾಗ, ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ, ಒತ್ತಡ ಏಕಾಏಕಿ ಏರುತ್ತದೆ. ಮನೆಯ ಯಂತ್ರದಲ್ಲಿ 180/110 ಮುಟ್ಟಿದ ದಿನ ವ್ಯಾಯಾಮದ ಮಾತೇ ಬೇಡ, ಆಸ್ಪತ್ರೆಗೆ ಹೋಗಿ.

ಸಂಕೋಚಪಟ್ಟು ಬರೆದ ವಿಷಯಕ್ಕೆ ಬರುತ್ತೇನೆ. ಹೆರಿಗೆಯಾದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ, ನಾಚಿಕೆಯ ಮಾತೇ ಅಲ್ಲ. ‘ವಯಸ್ಸಾಯ್ತು, ಇದು ಹೀಗೇ’ ಎಂದು ಪ್ಯಾಡ್ ಇಟ್ಟುಕೊಂಡು ಕ್ಲಾಸಿಗೆ ಹೋಗುವವರನ್ನು ಬಲ್ಲೆ, ಹಾಗೆ ಬಿಡಬೇಕಾಗಿಲ್ಲ. ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಸಡಿಲವಾಗಿವೆ, ಅಷ್ಟೇ. ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆದಂತೆ ಆ ಭಾಗವನ್ನು ಮೇಲಕ್ಕೆ ಬಿಗಿಯಿರಿ, ಕೆಲವು ಸೆಕೆಂಡ್ ಹಿಡಿಯಿರಿ, ಪೂರ್ತಿ ಸಡಿಲಿಸಿ. ಎಂಟು ಸಲ, ದಿನಕ್ಕೆ ಮೂರು ಹೊತ್ತು, ಕಡಿಮೆಯೆಂದರೆ ಮೂರು ತಿಂಗಳು. ಹೊಟ್ಟೆ, ತೊಡೆ ಬಿಗಿಯಬಾರದು. ಸ್ಟಾಫ್‌ರೂಮಿನಲ್ಲಿ ಕಾಪಿ ತಿದ್ದುತ್ತಲೇ ಮಾಡಬಹುದು, ಯಾರಿಗೂ ಗೊತ್ತಾಗದು. ಸರಿಯಾಗಿ ಮಾಡುತ್ತಿದ್ದೀರಾ ಎಂಬುದನ್ನು ಒಮ್ಮೆ ಸ್ತ್ರೀರೋಗ ತಜ್ಞೆಯ ಬಳಿಯೋ ಫಿಸಿಯೊಥೆರಪಿಸ್ಟ್ ಬಳಿಯೋ ನೋಡಿಸಿಕೊಳ್ಳಿ. ಅಲ್ಲಿಯವರೆಗೆ ಜಂಪಿಂಗ್ ಜ್ಯಾಕ್, ಸ್ಕಿಪ್ಪಿಂಗ್ ಬೇಡ.

ಜಿಗಿಯದೆಯೂ ಏದುಸಿರು ಬರಿಸಬಹುದು ಎಂಬುದನ್ನು ಅನೇಕ ಕೋಚ್‌ಗಳು ಮರೆತಿದ್ದಾರೆ. ಎಲ್ಲರನ್ನೂ ಸುಸ್ತು ಮಾಡುವ ಬರ್ಪಿಯನ್ನೇ ನೋಡಿ: ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಕೈ ಊರುವುದು, ಎರಡೂ ಕಾಲು ಹಿಂದಕ್ಕೆ ಎಸೆಯುವುದು, ಮತ್ತೆ ಮುಂದಕ್ಕೆ ತಂದು ಎದ್ದು ಜಿಗಿಯುವುದು. 1930ರ ದಶಕದಲ್ಲಿ ಅಮೆರಿಕದ ರಾಯಲ್ ಬರ್ಪಿ ಎಂಬಾತ ಅದನ್ನು ರೂಪಿಸಿದ್ದು ದೇಹಕ್ಷಮತೆ ಅಳೆಯುವ ಚಿಕ್ಕ ಪರೀಕ್ಷೆಗಾಗಿ, ಮೂಲದಲ್ಲಿ ಅದಕ್ಕೆ ಕೊನೆಯ ಜಿಗಿತವೇ ಇರಲಿಲ್ಲ. ನಿಮಗೆ ನೆಲದ ಬದಲು ಬೆಂಚಿನ ಮೇಲೆ ಕೈ ಊರಿ, ಒಂದೊಂದೇ ಕಾಲು ಹಿಂದಿಡುವುದು ಸಾಕು. ತಗ್ಗು ಮೆಟ್ಟಿಲು ಹತ್ತಿಳಿಯುವುದು, ಕುರ್ಚಿಯಿಂದ ಎದ್ದು ಕೂರುವುದು ಮೊಣಕಾಲಿಗೂ ಒಗ್ಗುತ್ತದೆ. ನೋವು ಮರುದಿನಕ್ಕೂ ಉಳಿದರೆ, ಊತ ಬಂದರೆ ಮೂಳೆ ವೈದ್ಯರಿಗೆ ತೋರಿಸಿ.

‘ಸಾವಿರ ಕ್ಯಾಲರಿ’ ಬರೀ ಬೋರ್ಡಿನ ಮಾತು. ನಿಮ್ಮ ತೂಕಕ್ಕೆ ಮುಕ್ಕಾಲು ಗಂಟೆಯಲ್ಲಿ ಮುನ್ನೂರರಿಂದ ನಾನೂರೈವತ್ತರ ಒಳಗೆ. ‘ಕ್ಲಾಸ್ ಮುಗಿದ ಮೇಲೂ ದಿನವಿಡೀ ಕೊಬ್ಬು ಕರಗುತ್ತದೆ’ ಎನ್ನುತ್ತಾರಲ್ಲ, ಆ ಹೆಚ್ಚುವರಿ ಇರುವುದು ನಿಜ, ಆದರೆ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಸಂಜೆ ಒಂದು ಪ್ಲೇಟ್ ಮಂಡಕ್ಕಿ, ಜತೆಗೆ ಎರಡು ಮಿರ್ಚಿ ಬಿದ್ದರೆ ಲೆಕ್ಕ ಚುಕ್ತಾ. ಹಿಟ್‌ನಿಂದ ಸಿಗುವ ದೊಡ್ಡ ಲಾಭ ಉಸಿರಿನ ತಾಕತ್ತು. ತೂಕ ಇಳಿಸುವುದಕ್ಕಷ್ಟೇ ಸೇರುವವರು ಎರಡನೇ ತಿಂಗಳು ಬಿಟ್ಟುಬಿಡುತ್ತಾರೆ.

ಈ ಎರಡು ತಿಂಗಳು ಏನು ಮಾಡುವುದು? ಕುಂದುವಾಡದ ಏರಿ ಇದೆಯಲ್ಲ. ಜಪಾನಿನ ಮಾತ್ಸುಮೊಟೊ ಊರಿನಲ್ಲಿ ನಡುವಯಸ್ಕರು, ಹಿರಿಯರ ಮೇಲೆ ನಡೆಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು: ಮೂರು ನಿಮಿಷ ಬಿರುಸು ನಡಿಗೆ, ಮೂರು ನಿಮಿಷ ನಿಧಾನ, ಹೀಗೆ ಐದು ಸುತ್ತು, ವಾರಕ್ಕೆ ನಾಲ್ಕು ದಿನ. ಐದು ತಿಂಗಳಲ್ಲಿ ತೊಡೆಯ ಬಲ ಹೆಚ್ಚಿತು, ಬಿಪಿಯೂ ಇಳಿಯಿತು, ಅದೂ ಒಂದೇ ಸಮ ನಡೆದವರಿಗಿಂತ ಹೆಚ್ಚಾಗಿ. ಇದೂ ಇಂಟರ್ವಲ್ಲೇ, ಜಿಗಿತ ಇಲ್ಲ, ಫೀ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಅಥವಾ 75 ನಿಮಿಷ ಜೋರು ವ್ಯಾಯಾಮ ಬೇಕು, ಜತೆಗೆ ಎರಡು ದಿನ ಸ್ನಾಯು ಬಲದ ಕೆಲಸ. ನಿಮ್ಮದು ಈಗ 120 ನಿಮಿಷ. ನಾಲ್ಕನೇ ದಿನ ಸೇರಿಸಿದರೆ ಅದೂ ಮುಗಿಯಿತು.

ಆಮೇಲೆ ಸೇರುವಾಗ ಒಂದೊಂದೇ ತಿಂಗಳ ಹಣ ಕಟ್ಟಿ. ಒಂದು ದಿನ ಮಾಡಿದರೆ ನಡುವೆ ಎರಡು ದಿನ ಬಿಡಿ. ಎದೆ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ಎಂದಿಲ್ಲದ ಉಬ್ಬಸ ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ. ಹೊಸಬರು ಮೊದಲ ದಿನವೇ ಮಿತಿಮೀರಿ ಮಾಡಿ, ಮೈಯೆಲ್ಲ ಊದಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಒಡೆದು ಕಿಡ್ನಿಗೆ ಹೊಡೆತ ಬೀಳುವ ಸೂಚನೆ. ‘ಒಳ್ಳೆ ವರ್ಕೌಟ್ ಆಯ್ತು’ ಎಂದು ಮನೆಯಲ್ಲಿ ಮಲಗಬಾರದು.

ಪ್ರಶ್ನೆ: ವಯಸ್ಸು 22. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಿ. 1600 ಮೀಟರ್ ಆರೂವರೆ ನಿಮಿಷದಲ್ಲಿ ಮುಗಿಸಬೇಕು, ನನ್ನದು 7 ನಿಮಿಷ 10 ಸೆಕೆಂಡ್. ವಾರಕ್ಕೆ ಆರು ದಿನ ಹಿಟ್ ಕ್ಲಾಸಿಗೆ ಹೋಗುತ್ತೇನೆ, ಸಂಜೆ ಓಡುತ್ತೇನೆ. ಆದರೂ ಸಮಯ ಇಳಿಯುತ್ತಿಲ್ಲ.
— ಓದುಗ, ಚಿತ್ರದುರ್ಗ

ಉತ್ತರ: ಓಟದ ಪರೀಕ್ಷೆಗೆ ಓಡಬೇಕು ತಮ್ಮಾ, ಕ್ಲಾಸಿನಲ್ಲಿ ಹಗ್ಗ ಬಡಿಯುವುದಲ್ಲ. ಬೆಳಿಗ್ಗೆ ಕಾಲು ಹಿಂಡಿಸಿಕೊಂಡು ಸಂಜೆ ಸತ್ತ ಕಾಲಲ್ಲಿ ಓಡಿದರೆ ಸಮಯ ಎಲ್ಲಿಂದ ಇಳಿದೀತು? ಕ್ಲಾಸ್ ವಾರಕ್ಕೆ ಒಂದಕ್ಕೆ ಇಳಿಸು. ಆರೂವರೆ ನಿಮಿಷ ಅಂದರೆ 400 ಮೀಟರ್ ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡ್. ಒನಕೆ ಓಬವ್ವ ಕ್ರೀಡಾಂಗಣಕ್ಕೆ ವಾರಕ್ಕೆ ಎರಡು ದಿನ ಹೋಗಿ ಒಂದೊಂದು ಸುತ್ತನ್ನು 97 ಸೆಕೆಂಡಿನಲ್ಲಿ ಓಡು, ಎರಡು ನಿಮಿಷ ನಡೆ, ಮತ್ತೆ ಓಡು. ನಾಲ್ಕರಿಂದ ಶುರುಮಾಡಿ ಆರಕ್ಕೆ ಏರಿಸು, ಆಮೇಲೆ ವಿಶ್ರಾಂತಿ ಕಡಿಮೆ ಮಾಡುತ್ತ ಬಾ. ಮೊದಲ ಸುತ್ತು 85ರಲ್ಲಿ ಓಡಿ ಹೀರೊ ಆಗಬೇಡ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000, 10,000 ಮೀಟರ್ ಮತ್ತು ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದ ಎಮಿಲ್ ಜಾಟೊಪೆಕ್ ಕೂಡ ಹೀಗೇ 400 ಮೀಟರ್ ಓಡಿ ಓಡಿಯೇ ತಯಾರಾದವರು. ಉಳಿದ ದಿನಗಳಲ್ಲಿ ಮಾತಾಡಿಕೊಂಡು ಓಡುವಷ್ಟು ನಿಧಾನ, ಒಂದು ದಿನ ಪೂರ್ತಿ ವಿಶ್ರಾಂತಿ. ಜೋಗಿಮಟ್ಟಿ ಬೆಟ್ಟ ಏರುವ ಚಟ ಇದ್ದರೆ ಅದು ನಿಧಾನದ ದಿನಕ್ಕಲ್ಲ.

ಪ್ರಶ್ನೆ: 61 ವರ್ಷ. ಕಳೆದ ವರ್ಷ ಸ್ಟೆಂಟ್ ಹಾಕಿದ್ದಾರೆ. ಬೆಂಗಳೂರಿನ ಮಗ ದಿನಾ ಹಿಟ್ ವಿಡಿಯೊ ಕಳಿಸಿ ಮಾಡು ಎನ್ನುತ್ತಾನೆ. ಮಾಡಲೇ?
— ಓದುಗರು, ಹರಿಹರ

ಉತ್ತರ: ವಿಡಿಯೊ ನೋಡಿಕೊಂಡು ಮಾಡಬೇಡಿ. ಹೃದ್ರೋಗಿಗಳಿಗೂ ಇಂಟರ್ವಲ್ ವ್ಯಾಯಾಮ ಮಾಡಿಸುವುದುಂಟು, ಆದರೆ ಅದು ಆಸ್ಪತ್ರೆಯ ಪುನಶ್ಚೇತನ ವಿಭಾಗದಲ್ಲಿ, ಪರೀಕ್ಷೆ ಮಾಡಿ, ಕಣ್ಗಾವಲಿನಲ್ಲಿ. ವಿಡಿಯೊ ಕಳಿಸುವ ಬದಲು ಮಗ ಒಂದು ಶನಿವಾರ ಬಂದು ನಿಮ್ಮ ಹೃದ್ರೋಗ ತಜ್ಞರ ಬಳಿ ಕರೆದೊಯ್ಯಲಿ, ಎಷ್ಟು ಜೋರು ಸಾಕು ಎಂದು ಅವರಿಂದಲೇ ಬರೆಸಿಕೊಳ್ಳಿ. ಅಲ್ಲಿಯವರೆಗೆ ಅವರು ಆಗಲೇ ಹೇಳಿರುವಷ್ಟು ನಡಿಗೆ, ಅದೂ ಜತೆಗಾರರೊಡನೆ ಮಾತಾಡಿಕೊಂಡು ಹೋಗುವಷ್ಟೇ ವೇಗದಲ್ಲಿ. ಎದೆ ಬಿಗಿದು ಬಂದರೆ ಕೂತುಬಿಡಿ, 108ಕ್ಕೆ ಫೋನ್ ಮಾಡಿಸಿ.