ಕೋವಿ ಕೆಳಗಿಟ್ಟ ಮರುದಿನ ಯಾರು ಕಾಯುತ್ತಾರೆ?

ತೀರ್ಥಹಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: “2004ರ ಡಿಸೆಂಬರ್ 26ರ ಸುನಾಮಿ ಇಂಡೊನೇಷ್ಯಾದ ಅಚೇ ಪ್ರಾಂತ್ಯಕ್ಕೂ ಶ್ರೀಲಂಕಾಕ್ಕೂ ಬಡಿಯಿತು. ಎರಡೂ ಕಡೆ ಪ್ರತ್ಯೇಕ ರಾಷ್ಟ್ರದ ಹೋರಾಟ ನಡೆದಿತ್ತು. ಅಚೇಯಲ್ಲಿ ಎಂಟು ತಿಂಗಳೊಳಗೆ ಒಪ್ಪಂದವಾಯಿತು. ಶ್ರೀಲಂಕಾದಲ್ಲಿ ಯುದ್ಧ ಮುಗಿದದ್ದು ಮುಳ್ಳಿವಾಯ್ಕಾಲ್‌ನ ಹೆಣಗಳ ರಾಶಿಯ ಮೇಲೆ. ಅಲ್ಲಿನ ನಾಯಕರೂ ಮನಸ್ಸು ಮಾಡಿದ್ದರೆ ಆಗುತ್ತಿರಲಿಲ್ಲವೇ?”

ಸಂಪಾದಕರ ಉತ್ತರ:

ಮನಸ್ಸು ಬೇಕು, ನಿಜ. ಆದರೆ ಮನಸ್ಸಿದ್ದವರೂ ಸೋತದ್ದನ್ನು ಶ್ರೀಲಂಕಾ ಹಲವು ಸಲ ಕಂಡಿದೆ. ಮೊದಲು ಸುನಾಮಿಯ ಮಾತನ್ನು ಬದಿಗಿಡೋಣ. ಅಚೇಯಲ್ಲಿ ಶಾಂತಿ ತಂದದ್ದು ಸುನಾಮಿಯಲ್ಲ. ಮಾತುಕತೆಯ ಗುಟ್ಟಿನ ಓಡಾಟ ಅದಕ್ಕೂ ಮುಂಚೆಯೇ ಶುರುವಾಗಿತ್ತು. 1976ರಲ್ಲಿ ಹುಟ್ಟಿದ ಅಚೇ ವಿಮೋಚನಾ ಚಳವಳಿ (ಗಾಮ್) 2003ರ ಮೇ ತಿಂಗಳ ಮಿಲಿಟರಿ ಆಡಳಿತದ ನಂತರ ಕಾಡು, ಗುಡ್ಡಗಳಿಗೆ ಸರಿದಿತ್ತು. 2005ರ ಫೆಬ್ರವರಿಯ ಸುತ್ತಿನಲ್ಲಿ ‘ಸ್ವಾತಂತ್ರ್ಯ’ವನ್ನು ಕೈಬಿಟ್ಟು ‘ಸ್ವಯಮಾಡಳಿತ’ಕ್ಕೆ ಒಪ್ಪಿದ್ದಕ್ಕೆ ಅದೂ ಒಂದು ಕಾರಣ. ಅದೇ ಹೊತ್ತಿನಲ್ಲಿ ಶ್ರೀಲಂಕಾದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಉತ್ತರದ ಕಿಲಿನೊಚ್ಚಿಯಲ್ಲಿ ತನ್ನದೇ ಪೊಲೀಸ್, ಕೋರ್ಟು, ತೆರಿಗೆ ಇಟ್ಟುಕೊಂಡು ಕುಳಿತಿತ್ತು. ಕಡಲಿನಲ್ಲಿ ಅದರದೇ ಪಡೆ ಇತ್ತು. ಕೈಯಲ್ಲಿ ಅರ್ಧ ರಾಜ್ಯ ಇರುವವನಿಗೆ ಪ್ರಾಂತೀಯ ಪರಿಷತ್ತು ಕೊಡುತ್ತೇವೆ ಎಂದರೆ ಅದು ಅವನಿಗೆ ಬಡ್ತಿಯಲ್ಲ, ಹಿಂಬಡ್ತಿ.

ಆದರೂ ಇಂಥ ಯುದ್ಧಗಳ ಮುಖ್ಯ ತೊಡಕು ‘ಎಷ್ಟು ಕೊಡಬೇಕು’ ಎಂಬುದರಲ್ಲಿಲ್ಲ. ಎರಡು ದೇಶಗಳು ಕಾದಾಡಿ ರಾಜಿಯಾದರೆ ಎರಡೂ ತಮ್ಮ ಸೈನ್ಯವನ್ನು ಇಟ್ಟುಕೊಂಡೇ ಮನೆಗೆ ಹೋಗುತ್ತವೆ. ಒಂದೇ ದೇಶದೊಳಗಿನ ಜಗಳದಲ್ಲಿ ಹಾಗಲ್ಲ. ಬಂಡುಕೋರರು ಕೋವಿ ಒಪ್ಪಿಸಬೇಕು, ಸರ್ಕಾರ ಒಪ್ಪಿಸುವುದಿಲ್ಲ. ಕೋವಿ ಕೊಟ್ಟದ್ದು ಇವತ್ತು, ಸರ್ಕಾರದ ಮಾತು ಈಡೇರುವುದು ನಾಳೆಯೋ ನಾಡಿದ್ದೋ. ನಡುವಿನ ಆ ಅವಧಿಯಲ್ಲಿ ಮಾತು ತಪ್ಪಿದರೆ ಕೇಳುವವರು ಯಾರು? ಬಹಳಷ್ಟು ಒಪ್ಪಂದಗಳು ಮುಗ್ಗರಿಸುವುದು ಇಲ್ಲಿ.

ಈ ನಡುವಿನ ಅವಧಿಯನ್ನು ಅಚೇಯ ಹೆಲ್ಸಿಂಕಿ ಒಪ್ಪಂದ (2005ರ ಆಗಸ್ಟ್ 15) ಹೇಗೆ ದಾಟಿಸಿತು ಎಂಬುದನ್ನು ಹತ್ತಿರದಿಂದ ನೋಡಬೇಕು. ಮಧ್ಯಸ್ಥಿಕೆ ವಹಿಸಿದ್ದ ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಅದರಲ್ಲಿ ಲೆಕ್ಕವನ್ನೇ ಬರೆಸಿದ್ದರು: ಗಾಮ್ 840 ಆಯುಧ ಕೊಡಬೇಕು, ತನ್ನ 3,000 ಹೋರಾಟಗಾರರನ್ನು ಪಡೆಯಿಂದ ಬಿಟ್ಟು ಮನೆಗೆ ಕಳಿಸಬೇಕು, ಅಚೇಯಲ್ಲಿ ಉಳಿಯಬಹುದಾದ ಸೈನಿಕರು 14,700, ಪೊಲೀಸರು 9,100, ಮಿಕ್ಕವರು ಹೊರಡಬೇಕು. ಇದೆಲ್ಲ ಒಂದೇ ಏಟಿಗಲ್ಲ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ನಾಲ್ಕು ಕಂತು. ಒಂದು ಕಂತಿನ ಕೋವಿ ಬಂದರೆ ಅದರ ಜೊತೆಜೊತೆಗೇ ಒಂದು ಕಂತಿನ ಸೈನ್ಯ ವಾಪಸು. ಐರೋಪ್ಯ ಒಕ್ಕೂಟ ಮತ್ತು ಐದು ಆಸಿಯಾನ್ ದೇಶಗಳ ನಿಗಾ ತಂಡ ಪ್ರತಿ ಕೋವಿಯನ್ನೂ ಪರೀಕ್ಷಿಸಿ, ಎಲ್ಲರೆದುರು ಗರಗಸದಲ್ಲಿ ಕತ್ತರಿಸಿ ಹಾಕುತ್ತಿತ್ತು. ಗಾಮ್ ತಂದುಕೊಟ್ಟದ್ದು 1,018. ತಂಡ 178ನ್ನು ಲೆಕ್ಕಕ್ಕೆ ಬಾರದವೆಂದು ತಳ್ಳಿತು. ಒಪ್ಪಿಕೊಂಡವುಗಳಲ್ಲೂ 71ರ ಬಗ್ಗೆ ಸರ್ಕಾರ ತಗಾದೆ ತೆಗೆಯಿತು. ಬೇರೆ ಕಡೆಯಾಗಿದ್ದರೆ ಇಷ್ಟಕ್ಕೇ ಮಾತುಕತೆ ಮುರಿದುಬೀಳುತ್ತಿತ್ತು. ಇಲ್ಲಿ ಬೀಳಲಿಲ್ಲ, ಏಕೆಂದರೆ ತಕರಾರು ಬಂದರೆ ತಂಡದ ಮುಖ್ಯಸ್ಥರ ತೀರ್ಮಾನಕ್ಕೆ ಇಬ್ಬರೂ ಬದ್ಧರು ಎಂದು ಒಪ್ಪಂದದಲ್ಲೇ ಬರೆದಿತ್ತು. ಡಿಸೆಂಬರ್ 27ಕ್ಕೆ ಗಾಮ್ ತನ್ನ ಸಶಸ್ತ್ರ ಪಡೆಯನ್ನೇ ವಿಸರ್ಜಿಸಿತು. ಕೊಟ್ಟದ್ದಕ್ಕೆ ಪ್ರತಿಯಾಗಿ ಸಿಕ್ಕಿದ್ದೂ ಸಣ್ಣದಲ್ಲ: ನೈಸರ್ಗಿಕ ಸಂಪತ್ತಿನ ಆದಾಯದಲ್ಲಿ ಶೇ 70, ಸ್ಥಳೀಯ ಪಕ್ಷ ಕಟ್ಟುವ ಹಕ್ಕು. 2006ರ ಡಿಸೆಂಬರಿನ ಚುನಾವಣೆಯಲ್ಲಿ ಗಾಮ್‌ನವರೇ ಆಗಿದ್ದ ಇರ್ವಂದಿ ಯೂಸುಫ್ ಗವರ್ನರ್ ಆದರು.

ಶ್ರೀಲಂಕಾಕ್ಕೆ ಬನ್ನಿ. 2002ರ ಫೆಬ್ರವರಿ 22ರ ಕದನವಿರಾಮಕ್ಕೂ ನಿಗಾ ತಂಡವಿತ್ತು, ನಾರ್ಡಿಕ್ ದೇಶಗಳದ್ದು. ಅದು ದೂರು ದಾಖಲಿಸಬಲ್ಲದು, ಇಂಥವರದು ತಪ್ಪು ಎಂದು ಹೇಳಬಲ್ಲದು, ಅಷ್ಟೇ. ಎಲ್‌ಟಿಟಿಇಯ ಉಲ್ಲಂಘನೆಗಳೇ ಮೂರು ಸಾವಿರ ದಾಟಿದವು, ಸರ್ಕಾರದವು ಮುನ್ನೂರು ದಾಟಿದವು. ಯಾರಿಗೂ ಏನೂ ಆಗಲಿಲ್ಲ. 2006ರಲ್ಲಿ ಐರೋಪ್ಯ ಒಕ್ಕೂಟ ಎಲ್‌ಟಿಟಿಇಯನ್ನು ನಿಷೇಧಿಸಿದಾಗ ‘ತಂಡದಲ್ಲಿರುವ ಒಕ್ಕೂಟದ ದೇಶದವರು ಹೊರಡಿ’ ಎಂದಿತು ಎಲ್‌ಟಿಟಿಇ. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ನವರು ಗಂಟುಮೂಟೆ ಕಟ್ಟಿದರು. ಕಾವಲುಗಾರನನ್ನು ಕಳ್ಳನೇ ಮನೆಗೆ ಕಳಿಸಬಹುದಾದರೆ ಅದೆಂಥ ಕಾವಲು?

‘ಮೊದಲು ಯಾರು’ ಎಂಬ ಗಂಟೂ ಅಲ್ಲಿ ಬಿಚ್ಚಲಿಲ್ಲ. ಜಾಫ್ನಾದಲ್ಲಿ ಸೇನೆ ‘ಅತಿ ಭದ್ರತಾ ವಲಯ’ವೆಂದು ಬೇಲಿ ಹಾಕಿದ ಜಾಗದಲ್ಲಿ ಸಾವಿರಾರು ತಮಿಳರ ಮನೆ, ಹೊಲಗಳಿದ್ದವು. ಅವರನ್ನು ವಾಪಸು ಬಿಡಿ ಎಂದು ಎಲ್‌ಟಿಟಿಇ ಪಟ್ಟುಹಿಡಿಯಿತು. ನೀವು ಆಯುಧ ಇಳಿಸಿದರೆ ಬಿಡುತ್ತೇವೆ ಎಂದಿತು ಸೇನೆ. ಇಬ್ಬರ ಭಯವೂ ಸುಳ್ಳಲ್ಲ. ಅಚೇಯಂತೆ ಕಂತುಗಳಾಗಿ ಒಡೆದು, ಎರಡನ್ನೂ ಒಟ್ಟಿಗೇ ನಡೆಸಿಕೊಡಬಲ್ಲ ಮೂರನೆಯವರು ಅಲ್ಲಿರಲಿಲ್ಲ. 2003ರ ಏಪ್ರಿಲಿನಲ್ಲಿ ಎಲ್‌ಟಿಟಿಇ ಮಾತುಕತೆಯಿಂದ ಎದ್ದುಹೋಯಿತು.

ಆ ಮೂರನೆಯವರು ಭಾರತವಾಗಬಹುದಿತ್ತು. 1987ರ ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಹಾಕಿದವರು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ. ಎಲ್‌ಟಿಟಿಇಯ ಸಹಿಯೇ ಅದರಲ್ಲಿರಲಿಲ್ಲ. ಆಗಸ್ಟಿನಲ್ಲಿ ನೆಪಕ್ಕೆ ಒಂದಿಷ್ಟು ಆಯುಧ ಒಪ್ಪಿಸಿದ ಎಲ್‌ಟಿಟಿಇ ಅಕ್ಟೋಬರಿಗೆ, ಶಾಂತಿ ಕಾಯಲು ಅಲ್ಲಿಗೆ ಹೋಗಿದ್ದ ಭಾರತೀಯ ಪಡೆಯ ಮೇಲೇ ತಿರುಗಿಬಿತ್ತು. ನಮ್ಮ ಸಾವಿರಕ್ಕೂ ಹೆಚ್ಚು ಯೋಧರು ಸತ್ತರು. 1991ರ ಮೇ 21ರಂದು ರಾಜೀವ್ ಹತ್ಯೆ. ಅದರ ಸೂತ್ರಧಾರ ಶಿವರಸನ್ ಆಗಸ್ಟಿನಲ್ಲಿ ಬೆಂಗಳೂರಿನ ಅಂಚಿನ ಕೋಣನಕುಂಟೆಯಲ್ಲಿ, ಕಮಾಂಡೊಗಳು ಸುತ್ತುವರಿದ ಮನೆಯೊಳಗೆ ಸತ್ತದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಆಮೇಲೆ ದೆಹಲಿ ಜಾಮೀನು ನಿಲ್ಲುವ ಪ್ರಶ್ನೆಯೇ ಉಳಿಯಲಿಲ್ಲ. ತನ್ನ ಜನಕ್ಕೆ ಕಾವಲಾಗಬಲ್ಲ ಒಬ್ಬನೇ ನೆರೆಯವನನ್ನು ಎಲ್‌ಟಿಟಿಇ ತಾನೇ ಕಳೆದುಕೊಂಡಿತು.

ಹಾಗೆಂದು ತಪ್ಪೆಲ್ಲ ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೊಲಂಬೊ ಮಾತಿಗೆ ತಪ್ಪಿದ ಕಥೆ ಬಂದೂಕಿಗಿಂತ ಹಳೆಯದು. 1957ರಲ್ಲಿ ಪ್ರಧಾನಿ ಬಂಡಾರನಾಯಕೆ ತಮಿಳು ನಾಯಕ ಚೆಲ್ವನಾಯಕಂ ಜೊತೆ ಒಪ್ಪಂದ ಮಾಡಿಕೊಂಡರು. ಭಿಕ್ಷುಗಳು ಮನೆಯೆದುರು ಧರಣಿ ಕುಳಿತಾಗ ಮರುವರ್ಷ ಅದನ್ನು ರದ್ದು ಮಾಡಿದರು. ಒಂದು ಸಿಂಹಳ ಪಕ್ಷ ರಾಜಿಗೆ ಹೊರಟರೆ ಇನ್ನೊಂದು ‘ದೇಶ ಮಾರಿದರು’ ಎಂದು ಬೊಬ್ಬೆ ಹಾಕುವುದು ಅಲ್ಲಿನ ರೂಢಿಯಾಯಿತು. 2003ರಲ್ಲಿ ಅಧ್ಯಕ್ಷೆ ಚಂದ್ರಿಕಾ, ಪ್ರಧಾನಿ ರನಿಲ್ ಬೇರೆ ಬೇರೆ ಪಕ್ಷದವರು. ಎಲ್‌ಟಿಟಿಇ ಮಧ್ಯಂತರ ಆಡಳಿತದ ಕರಡು ಕೊಟ್ಟ ಕೆಲವೇ ದಿನಗಳಲ್ಲಿ ಚಂದ್ರಿಕಾ ರಕ್ಷಣಾ ಖಾತೆಯೂ ಸೇರಿ ಮೂರು ಖಾತೆಗಳನ್ನು ಕಿತ್ತುಕೊಂಡರು. ಸುನಾಮಿ ಪರಿಹಾರ ಹಂಚಲು ಎಲ್‌ಟಿಟಿಇ ಜೊತೆ 2005ರ ಜೂನಿನಲ್ಲಿ ಮಾಡಿಕೊಂಡ ಜಂಟಿ ವ್ಯವಸ್ಥೆಗೂ ಇದೇ ಗತಿ. ಮಿತ್ರಪಕ್ಷವಾಗಿದ್ದ ಜೆವಿಪಿ ಸರ್ಕಾರದಿಂದ ಹೊರನಡೆಯಿತು, ಸುಪ್ರೀಂ ಕೋರ್ಟ್ ಮುಖ್ಯ ಅಂಶಗಳಿಗೆ ತಡೆ ಕೊಟ್ಟಿತು. ಇಂಡೊನೇಷ್ಯಾದ ರಾಜಧಾನಿ ಜಕಾರ್ತಾದಲ್ಲಾದರೆ, ಅಚೇ ಮಾತುಕತೆಯ ಹಿಂದಿದ್ದ ಉಪಾಧ್ಯಕ್ಷ ಯೂಸುಫ್ ಕಲ್ಲಾ, ಸಂಸತ್ತಿನ ಅತಿ ದೊಡ್ಡ ಪಕ್ಷ ಗೋಲ್ಕಾರ್‌ನ ಅಧ್ಯಕ್ಷರೂ ಆಗಿದ್ದರು. ಒಪ್ಪಂದವನ್ನು ಕಾನೂನಾಗಿಸುವ ಬಲ ಅವರಿಗಿತ್ತು. ನೀವು ಹೇಳುವ ‘ಮನಸ್ಸಿ’ಗಿಂತ ಈ ಬಲ ದೊಡ್ಡದು ಎಂದು ನಮ್ಮ ಅಭಿಪ್ರಾಯ.

ಅಚೇಯಲ್ಲೂ ಎಲ್ಲವೂ ಈಡೇರಿಲ್ಲ. ಒಪ್ಪಂದದಲ್ಲಿದ್ದ, ಸಂಘರ್ಷಕಾಲದ ದೌರ್ಜನ್ಯಗಳ ಸತ್ಯ ಹೊರತರಬೇಕಿದ್ದ ಆಯೋಗ ಅಲ್ಲಿ ರಚನೆಯಾದದ್ದು 2016ರಲ್ಲಿ. ಗಂಡನನ್ನು, ಮಗನನ್ನು ಕಳೆದುಕೊಂಡವರು ಹನ್ನೊಂದು ವರ್ಷ ಕಾದರು. ಶ್ರೀಲಂಕಾದಲ್ಲಿ ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ಆ ಕೊನೆಯ ತಿಂಗಳುಗಳಲ್ಲಿ 40,000ದಷ್ಟು ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು. 1987ರ ಒಪ್ಪಂದದಿಂದ ಹುಟ್ಟಿದ, ಶ್ರೀಲಂಕಾ ಸಂವಿಧಾನದ 13ನೇ ತಿದ್ದುಪಡಿಯಲ್ಲಿರುವ ಪೊಲೀಸ್, ಜಮೀನು ಅಧಿಕಾರ ಅದಾದ ಮೇಲೂ ಪ್ರಾಂತ್ಯಗಳಿಗೆ ಸಿಗಲಿಲ್ಲ. 2018ರಲ್ಲಿ ಉತ್ತರ ಪ್ರಾಂತ್ಯದ ಪರಿಷತ್ತಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕೇಳುವವರ ಕೈಯಲ್ಲಿ ಈಗ ಕೋವಿಯಿಲ್ಲ. ಕೇಳಿಸಿಕೊಳ್ಳುವ ಆತುರ ಕೊಲಂಬೊಗೂ ಇಲ್ಲ.

— ಸಂ.