‘ಆಪರೇಷನ್ ಆದಮೇಲೆ ಇದೆಲ್ಲ ಇದ್ದದ್ದೇ’ ಅಂತ ಬಿಡಬೇಡಿ

ಪ್ರಶ್ನೆ: ನಮ್ಮನೆಯವರಿಗೆ 58 ವರ್ಷ. 3 ವರ್ಷದ ಹಿಂದೆ ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಮಲ ಹೋಗಲು ಹೊಟ್ಟೆಗೆ ಹಾಕಿದ್ದ ಚೀಲ ಆಮೇಲೆ ತೆಗೆದರು. ಅಂದಿನಿಂದ ಬೆಳಿಗ್ಗೆ ಏಳೆಂಟು ಸಲ ಪಾಯಿಖಾನೆಗೆ ಓಡುತ್ತಾರೆ. ಶಿವಮೊಗ್ಗದ ಅಡಿಕೆ ಮಂಡಿಗೆ ಹೋಗಬೇಕಾದರೆ ಹಿಂದಿನ ರಾತ್ರಿಯ ಊಟವನ್ನೇ ಬಿಡುತ್ತಾರೆ. 2 ತಿಂಗಳಿಂದ ತಿಣುಕಿದರೂ ಮಲ ಪೆನ್ಸಿಲಿನಷ್ಟು ಸಣ್ಣಗೆ ಬರುತ್ತಿದೆಯಂತೆ. ಕೇಳಿದರೆ ‘ಆಪರೇಷನ್ ಆದಮೇಲೆ ಇದೆಲ್ಲ ಇದ್ದದ್ದೇ’ ಅನ್ನುತ್ತಾರೆ. ಹೌದಾ ಡಾಕ್ಟ್ರೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಇಲ್ಲಮ್ಮ. ಪದೇ ಪದೇ ಹೋಗುವುದು ಹಳೆಯ ತೊಂದರೆ, ಮಲ ಸಣ್ಣಗಾಗಿರುವುದು ಹೊಸದು. ನನಗೆ ಯೋಚನೆ ಹತ್ತಿಸಿದ್ದು ಈ ಹೊಸದು.

ಕರುಳು ಜೋಡಿಸಿದ ಜಾಗ ಕಲೆಗಟ್ಟಿ ಬಿಗಿದುಕೊಂಡರೆ ಹೀಗಾಗುತ್ತದೆ. ಕ್ಯಾನ್ಸರ್ ಅಲ್ಲೇ ಮರುಕಳಿಸಿದರೂ ಹೀಗಾಗಬಹುದು. ಯಾವುದೆಂದು ಪರೀಕ್ಷೆ ಮಾಡದೆ ಯಾರೂ ಹೇಳಲಾರರು. ಈ ವಾರವೇ ಆಪರೇಷನ್ ಮಾಡಿದ ಸರ್ಜನ್ ಹತ್ತಿರ ಹೋಗಿ, ಅದು ದೂರವಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಹಳೆಯ ಡಿಸ್ಚಾರ್ಜ್ ಕಾಗದ, ಬಯಾಪ್ಸಿ ರಿಪೋರ್ಟ್ ಜೊತೆಗಿರಲಿ. ಗುದದ್ವಾರದೊಳಗೆ ಬೆರಳಿಟ್ಟು ನೋಡುವುದು ಒಂದು ನಿಮಿಷದ ಕೆಲಸ; ನಾಚಿಕೆಪಟ್ಟು ಅದನ್ನೇ ಬೇಡ ಅನ್ನುವವರನ್ನು ಬಹಳ ಕಂಡಿದ್ದೇನೆ. ಆಮೇಲೆ ಕೊಳವೆ ಹಾಕಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಸ್ಕ್ಯಾನ್, ಕ್ಯಾನ್ಸರ್ ಮರುಕಳಿಸಿದ್ದರೆ ಸುಳಿವು ಕೊಡಬಲ್ಲ ಸಿಇಎ ಎಂಬ ರಕ್ತಪರೀಕ್ಷೆಯೂ ಬೇಕಾಗಬಹುದು. ಬರೀ ಕಲೆಯ ಬಿಗಿತವಾದರೆ ಬಲೂನಿನಿಂದ ಹಿಗ್ಗಿಸುತ್ತಾರೆ, ಕೆಲವರಿಗೆ ಎರಡು ಮೂರು ಸಲ.

ಅಲ್ಲಿಯವರೆಗೆ ಕಳಲೆ, ಹಲಸಿನ ತೊಳೆಯಂಥ ನಾರಿನ ಪದಾರ್ಥ ಬೇಡ. ಭೇದಿ ನಿಲ್ಲಿಸುವ ಮಾತ್ರೆಯನ್ನೂ ತಾವಾಗಿ ನುಂಗುವುದು ಬೇಡ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದೆ ನಿಂತರೆ ಕರುಳು ಕಟ್ಟಿಕೊಂಡಿರಬಹುದು. ಬೆಳಗಾಗಲಿ ಅಂತ ಕಾಯದೆ ರಾತ್ರಿಯೇ ಗಾಡಿ ಮಾಡಿಕೊಂಡು ಹೊರಡಿ.

ಇನ್ನು ಹಳೆಯದು. ಗುದನಾಳ ಮಲವನ್ನು ತಡೆದಿಟ್ಟುಕೊಳ್ಳುವ ಜಾಗ. ಅದನ್ನು ತೆಗೆದಮೇಲೆ ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಎಷ್ಟೋ ಹತೋಟಿಗೆ ಬರುತ್ತದೆ. ಬರದವರು ಸುಮ್ಮನೆ ಸಹಿಸಬೇಕಿಲ್ಲ. ಬಿಗಿತ ಇಲ್ಲವೆಂದು ಖಚಿತವಾದಮೇಲೆ ಇಸಬ್ಗೋಲ್, ಊಟಕ್ಕೆ ಅರ್ಧ ಗಂಟೆ ಮುಂಚೆ ಲೋಪೆರಮೈಡ್ ಎಂಬ ಭೇದಿ ತಡೆಯುವ ಮಾತ್ರೆ, ಗುದದ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ, ಇವನ್ನೆಲ್ಲ ಡಾಕ್ಟರ್ ಹೇಳಿದ ಅಳತೆಯಲ್ಲಿ ಮಾಡಬಹುದು. ಸಾಲದಿದ್ದರೆ ಗುದದ್ವಾರದಿಂದ ಉಗುರುಬೆಚ್ಚನೆ ನೀರು ಹಾಯಿಸಿ ಕರುಳನ್ನು ಒಮ್ಮೆಲೇ ಖಾಲಿ ಮಾಡುವುದನ್ನು ಕಲಿಸುತ್ತಾರೆ. ಹೊಂದಿಕೊಂಡರೆ, ನಿಮ್ಮ ಯಜಮಾನರು ಉಂಡೇ ಮಂಡಿಗೆ ಹೋಗಿ ಬರಬಹುದು.

ಮೂತ್ರದ್ದೋ, ಗಂಡಹೆಂಡಿರ ಸಂಬಂಧದ್ದೋ ತೊಂದರೆಯಿದ್ದರೆ ಅದನ್ನೂ ಹೇಳಿ, ಈ ಆಪರೇಷನ್‌ನಲ್ಲಿ ಆ ನರಗಳಿಗೂ ಪೆಟ್ಟಾಗುವುದುಂಟು.

ಡಾಕ್ಟರ ಕೋಣೆಯೊಳಗೆ ನೀವೂ ಹೋಗಿ. ಅವರೊಬ್ಬರೇ ಹೋದರೆ ‘ಏನಿಲ್ಲ, ಆರಾಮ’ ಅಂದು ಎದ್ದು ಬಂದುಬಿಡುತ್ತಾರೆ. ನನಗೆ ಬರೆದಷ್ಟನ್ನೂ ಅಲ್ಲಿ ಹೇಳಿ.