ಪವರ್ ಟಿಲ್ಲರ್‌ನ್ನು ಪಿಕಪ್‌ಗೆ ಹಲಗೆ ಇಟ್ಟು ಹತ್ತಿಸಬಹುದೇ?

ಮುಧೋಳದಿಂದ ಜಮಖಂಡಿಗೆ 13 ಎಚ್‌ಪಿ ಟಿಲ್ಲರ್ ಒಯ್ಯಬೇಕು, ಪಿಕಪ್ ಗೊತ್ತುಮಾಡಿಯಾಗಿದೆ, 6 ಅಡಿಯ ಎರಡು ಹಲಗೆ ಇವೆ, ಸಾಕೇ ಎಂದು ಕೇಳಿದ್ದೀರಿ. ಸಾಲವು. ರೋಟರಿ (ಹಿಂದೆ ಮಣ್ಣು ಅಗೆಯುವ ತಿರುಗು ಬ್ಲೇಡುಗಳ ಭಾಗ) ಸಮೇತ ಟಿಲ್ಲರ್ ಸುಮಾರು 400 ಕೆಜಿ ತೂಗುತ್ತದೆ. ಗಾಡಿಯ ತಳ ಎಷ್ಟು ಎತ್ತರವೋ ಅದರ ನಾಲ್ಕು ಪಟ್ಟು ಉದ್ದದ ರ‍್ಯಾಂಪ್ ಬೇಕು. ಎರಡೂಮುಕ್ಕಾಲು ಅಡಿಗೆ 11 ಅಡಿ. ಅಷ್ಟುದ್ದ ಸಿಗದಿದ್ದರೆ ಹೊಲದ ಬದುವಿಗೋ ಕಾಲುವೆ ಏರಿಗೋ ಗಾಡಿಯ ಹಿಂಭಾಗ ತಾಗಿಸಿ ನಿಲ್ಲಿಸಿರಿ. ಬದು ಒಂದಡಿ ಎತ್ತರವಿದ್ದರೂ 7 ಅಡಿಯ ರ‍್ಯಾಂಪ್ ಸಾಕಾಗುತ್ತದೆ. ಮಳೆಯಾದ ಎರೆ ಹೊಲದಲ್ಲಿ ಮಾತ್ರ ಈ ಕೆಲಸಕ್ಕೆ ಇಳಿಯಲೇಬೇಡಿ.

ಮರದ ಹಲಗೆಗಿಂತ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಚಾನೆಲ್ ವಾಸಿ. ಅಗಲ 10 ಇಂಚು, ಅಡ್ಡಕ್ಕೆ ಸರಳು, ತುದಿಗೆ ಕೊಕ್ಕೆ. ಕೊಕ್ಕೆ ಏಕೆಂದರೆ, ಗಾಲಿ ಮೇಲೇರುವಾಗ ರ‍್ಯಾಂಪನ್ನು ಹಿಂದಕ್ಕೆ ಒದೆಯುತ್ತದೆ. ಬರೀ ಇಟ್ಟ ಹಲಗೆ ಅರ್ಧ ದಾರಿಯಲ್ಲಿ ಜಾರುವುದು ಇದರಿಂದಲೇ. ಕೊಕ್ಕೆಯ ಜೊತೆಗೆ ಸರಪಳಿಯನ್ನೂ ಬಿಗಿಯಿರಿ. ರ‍್ಯಾಂಪ್ ಗಾಡಿಯ ತಳದ ಅಂಚಿನ ಮೇಲೆ ಕೂರಬೇಕು, ಇಳಿಬಿಟ್ಟ ಹಿಂದಿನ ಡೋರ್ ಮೇಲಲ್ಲ. ಗಾಡಿ ಹ್ಯಾಂಡ್‌ಬ್ರೇಕಲ್ಲೂ ಗೇರಲ್ಲೂ ಇರಲಿ, ಗಾಲಿಗೆ ಕಲ್ಲು ಕೊಡಿ.

ಕಬ್ಬಿಣದ ಗಾಲಿ ತೆಗೆದು ರಬ್ಬರ್ ಟೈರ್ ಹಾಕಿರಿ. ರೋಟರಿ ನ್ಯೂಟ್ರಲ್‌ಗೆ. ನಡೆಸುವವರಿಗೆ ನಡುವೆ ಮೂರನೆಯ ಹಲಗೆ ಬೇಕೇ ಬೇಕು. ಜನ ಇದನ್ನು ಮರೆಯುತ್ತಾರೆ. ಟಿಲ್ಲರ್ ಮೇಲೇರಿದಂತೆ ಹ್ಯಾಂಡಲ್ ಕೈಗೆ ಸಿಗದಷ್ಟು ಎತ್ತರಕ್ಕೆ ಹೋಗುತ್ತದೆ.

ಲೋ ಒಂದನೇ ಗೇರಿನಲ್ಲಿ, ಕಡಿಮೆ ಆ್ಯಕ್ಸಿಲರೇಟರಿನಲ್ಲಿ ಮುಂದಕ್ಕೆ ಹತ್ತಿಸಿರಿ. ಗಾಲಿಗಳನ್ನು ನೆಲದ ಮೇಲೇ ನೇರ ಮಾಡಿಕೊಳ್ಳಿ. ರ‍್ಯಾಂಪ್ ಮೇಲೆ ಸ್ಟಿಯರಿಂಗ್ ಕ್ಲಚ್ (ಟಿಲ್ಲರ್ ತಿರುಗಿಸಲು ಹ್ಯಾಂಡಲ್‌ನಲ್ಲಿರುವ ಹಿಡಿ) ಹಿಡಿದರೆ ಆ ಕಡೆಯ ಗಾಲಿಗೆ ಎಂಜಿನ್ ಹಿಡಿತ ತಪ್ಪಿ ಟಿಲ್ಲರ್ ಪಕ್ಕಕ್ಕೆ ವಾಲುತ್ತದೆ. ಗೇರ್ ಬದಲಿಸಲೂ ಬಾರದು. ಓರೆಯಾದರೆ ಹಾಗೇ ನಿಧಾನ ಕೆಳಗಿಳಿಸಿ ಮತ್ತೆ ಶುರುಮಾಡಿ. ಗಾಲಿ ಅಂಚು ದಾಟಿದ ಕೂಡಲೇ ಎಂಜಿನ್ ಭಾರಕ್ಕೆ ಮೂತಿ ಧಪ್ಪನೆ ಬಿದ್ದು ಹ್ಯಾಂಡಲ್ ಮೇಲಕ್ಕೆ ಹಾರುತ್ತದೆ. ಆಗ ಗಲ್ಲ ಅದರ ನೇರಕ್ಕೆ ಇರದಿರಲಿ.

ಗಾಡಿಯ ಮುಂದಿನ ಹಲಗೆಗೆ ಹಳೆಯ ಟೈರ್ ಒತ್ತು ಕೊಟ್ಟು, ಟಿಲ್ಲರ್‌ನ ಚಾಸಿಗೆ (ಚೌಕಟ್ಟಿಗೆ) ನಾಲ್ಕು ಕಡೆ ಬೆಲ್ಟ್ ಬಿಗಿಯಿರಿ. ಹ್ಯಾಂಡಲ್‌ಗೆ ಕಟ್ಟಿದರೆ ಅದು ಬಾಗುತ್ತದೆ. ಡೀಸೆಲ್ ಕಾಕ್ ಮುಚ್ಚಿರಿ. ನೈಲಾನ್ ಹಗ್ಗವಾದರೆ ನಾಲ್ಕೈದು ಕಿಲೋಮೀಟರಿಗೆ ನಿಂತು ಮತ್ತೆ ಎಳೆಯಿರಿ, ಅಷ್ಟರಲ್ಲಿ ಸಡಿಲಾಗಿರುತ್ತದೆ.

ಇಳಿಸುವುದು ಲೋ ರಿವರ್ಸಿನಲ್ಲಿ. ಈ ಹೊತ್ತಿಗೆ ರೋಟರಿ ತಿರುಗುತ್ತಿದ್ದರೆ ನೇರ ನಿಮ್ಮ ಕಾಲಿಗೇ ಬರುತ್ತದೆ. ಇಳಿಜಾರಿನಲ್ಲಿ ಸ್ಟಿಯರಿಂಗ್ ಕ್ಲಚ್ ಉಲ್ಟಾ ಕೆಲಸ ಮಾಡುತ್ತದೆ, ಹಾಗಾಗಿ ಮುಟ್ಟಬೇಡಿ. ಚಾಸಿಗೆ ಹಗ್ಗ ಕಟ್ಟಿ ಗಾಡಿಯ ಕಂಬಿಗೆ ಎರಡು ಸುತ್ತು ಹಾಕಿ, ಮೇಲೆ ನಿಂತ ಒಬ್ಬರು ಸಡಿಲಿಸುತ್ತ ಬರಲಿ. ಹಿಂದೆ ಯಾರೂ ನಿಲ್ಲಬಾರದು.